ಅಕ್ಕನ ಅಕ್ಕಡಿ ಕಾಳು

ಕದ್ದು ತಿಂದದ್ದು ಬೇಗ ಅರಗುತ್ತದೆ ಎನ್ನುವವರು ನನ್ನ ಹೊಟ್ಟೆಯನ್ನು ನೋಡಿಲ್ಲ. ಅಕ್ಕ ಬಿತ್ತನೆಗೆಂದು ಎತ್ತಿಟ್ಟಿದ್ದ ಅವರೆಯನ್ನು ನಾನು ಬೇಯಿಸಿ ತಿಂದು ಹತ್ತು ವರ್ಷವಾಯಿತು. ಇನ್ನೂ ಅರಗಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಅಷ್ಟಕ್ಕೇ ತಲೆ ನಿಲ್ಲುತ್ತಿರಲಿಲ್ಲ. ನಮ್ಮ ಅಲ್ಲಾಳಸಂದ್ರದಲ್ಲಿ ಐದು ಸಾಲು ರಾಗಿ ಬಿತ್ತಿದರೆ ಆರನೆಯದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಎಲ್ಲ ಬೆರೆತಿರುತ್ತವೆ. ಯಲಹಂಕದ ಸಂತೆಯಲ್ಲಿ ಯಾರೋ, ಒಂದೇ ಬೆಳೆಯಿಟ್ಟರೆ ಹೊಲ ಬಾಚಿದ ತಲೆಯ ಹಾಗೆ ಕಾಣುತ್ತದೆ, ಕಳೆ ತೆಗೆಯುವುದೂ ಸಲೀಸು ಎಂದರು. ಸಲೀಸು ಎಂಬ ಮಾತು ಕಿವಿಗೆ ಬಿದ್ದರೆ ನಾನು ಸೋತೆ. ಮನೆಗೆ ಬಂದು, "ಈ ಸಲ ಬರೀ ರಾಗಿ" ಎಂದು ಸಾರಿದೆ.

"ಮಳೆ ನಿನ್ನ ಕೇಳ್ಕೊಂಡ್ ಬತ್ತದೇನೋ? ಒಂದು ಕೈಕೊಟ್ರೆ ಇನ್ನೊಂದಿರ್ಲಿ ಅಂತ ತಾನೇ ಇಂಗೆ ಬಿತ್ತೋದು?" ಎಂದಳು ಅಕ್ಕ.

ಮಾತಿನಲ್ಲಿ ಅವಳನ್ನು ಗೆಲ್ಲಲಾರದೆ, ಅವಳಿಲ್ಲದಾಗ ಬೀಜದ ಮಡಕೆ ಬರಿದು ಮಾಡಿದೆ. ಕಾಳಿಗೆ ಬಳಿದಿದ್ದ ಬೂದಿಯನ್ನು ಮೂರು ನೀರಲ್ಲಿ ತೊಳೆದು, ಸಾಸಿವೆ ಈರುಳ್ಳಿಯ ಒಗ್ಗರಣೆ ಕೊಟ್ಟು, ಇಬ್ಬರು ಗೆಳೆಯರೊಂದಿಗೆ ಗುಗ್ಗರಿ ತಿಂದು ಮುಗಿಸಿದೆ. ತಪ್ಪನ್ನು ಇಲಿಗೆ ಕಟ್ಟಿದೆ. ಅಕ್ಕ ಬೋನಿಟ್ಟಳು. ಮರುದಿನ ನಿರಪರಾಧಿಯೊಂದು ಸಿಕ್ಕಿಬಿತ್ತು. ಅದರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅವಳು ನನಗೆ ತಿಳಿಯದಂತೆ ಚಿಕ್ಕಜಾಲದ ಚಿಕ್ಕಮ್ಮನ ಮನೆಗೆ ನಡೆದು, ಮಡಿಲು ತುಂಬ ಅಕ್ಕಡಿ ಕಾಳು ತಂದಳು. ಬಿತ್ತುವಾಗ ಎತ್ತು ಹಿಡಿದು ಮುಂದೆ ನಡೆದವನು ನಾನು, ಕೂರಿಗೆಗೆ ಕಾಳು ಬಿಡುತ್ತ ಹಿಂದೆ ಬಂದವಳು ಅವಳು. ನಾನು ಹಿಂದಿರುಗಿ ನೋಡಲಿಲ್ಲ. ಮೊಳಕೆ ಬಂದಾಗ ನೋಡಿದರೆ ಪ್ರತಿ ಆರನೆಯ ಸಾಲೂ ನನ್ನನ್ನು ಅಣಕಿಸುತ್ತಿತ್ತು!

ರಾಗಿ ಕೊಯ್ಯುವ ಹೊತ್ತಿಗೆ ವಾರವಿಡೀ ಮಳೆ ಹಿಡಿಯಿತು. ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳೆಯಿತು. ವರ್ಷದ ಮುದ್ದೆ ಹೋಯಿತೆಂದು ಬದುವಿನ ಮೇಲೆ ತಲೆಹಿಡಿದು ಕೂತೆ. ಮಳೆ ನಿಂತು ಇಬ್ಬನಿ ಬಿದ್ದದ್ದೇ ತಡ, ಅವರೆ ಹಟಕ್ಕೆ ಬಿದ್ದಂತೆ ಹೂ ಬಿಟ್ಟಿತು. ತೊಗರಿಯೂ ಬಂತು. ಕಾಳು ಕೊಟ್ಟು ರಾಗಿ ತಂದೆವು. ನಮ್ಮ ಒಲೆ ಒಂದು ಹೊತ್ತೂ ಆರಲಿಲ್ಲ. ಬರೀ ರಾಗಿ ಬಿತ್ತಿದವರೆಲ್ಲ ಬೀಜ ಕೇಳಿಕೊಂಡು ಬಂದರು. ಅಕ್ಕ ಅಂಗಳದಲ್ಲಿ ಪಟೇಲನ ಗತ್ತಿನಲ್ಲಿ ನಿಂತು ಸೇರಿನಲ್ಲಿ ಅಳೆದು ಕೊಟ್ಟಳು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವತ್ತು ಅದು ಇಲಿಯಲ್ಲ..." ಎಂದೆ.

ಅವಳು ಅಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣೋ. ಇಲಿ ಬೂದಿ ತೊಳ್ದು ಒಗ್ಗರಣೆ ಆಕ್ಕೊಂಡು ತಿನ್ನಾಕಿಲ್ಲ. ಇನ್ಮೇಲೆ ಮಡಕೆ ಕಾಯೋನು ನೀನೇ."

ಅಂಗಳವೆಲ್ಲ ನಕ್ಕಿತು. ಅಂದಿನಿಂದ ಒಂದು ಕಾಳೂ ಕಡಿಮೆಯಾಗಿಲ್ಲ. ಅದಕ್ಕೆ ನನ್ನ ಪ್ರಾಮಾಣಿಕತೆಯೇ ಕಾರಣವೆಂದು ಹೇಳಿಕೊಂಡು ತಿರುಗುತ್ತೇನೆ. ಮಡಕೆಯ ಪಕ್ಕದಲ್ಲಿ ಅಕ್ಕ ಆ ಬೋನನ್ನು ಇಂದಿಗೂ ಬಾಯಿ ತೆರೆದೇ ಇಟ್ಟಿರುವುದು ಬೇರೆ ಮಾತು.