ಕಂಬಳಿ ಯಾವ ಬಜೆಟ್ಟಿನದು?

ಯುದ್ಧ ಬಂತೆಂದರೆ ನನ್ನಂಥ ಅಂಜುಬುರುಕರಿಗೆ ಎಲ್ಲಿಲ್ಲದ ಶೌರ್ಯ ಬರುತ್ತದೆ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುವ ನಾನು ಎಪ್ಪತ್ತೊಂದರ ಡಿಸೆಂಬರಿನಲ್ಲಿ ಹಿರಿಯೂರಿನ ಹೋಟೆಲಿನಲ್ಲಿ ಕುಳಿತು, ಒಂದು ಕಾಫಿ ಮುಗಿಯುವುದರೊಳಗೆ ಪೂರ್ವದ ಗಡಿಯನ್ನೂ ಪಶ್ಚಿಮದ ಗಡಿಯನ್ನೂ ನಿಭಾಯಿಸಿ ಎದ್ದುಬರುತ್ತಿದ್ದೆ. ಶತ್ರುವಿನ ವಿಮಾನ ಪಕ್ಕದ ಮಾರಿಕಣಿವೆ ಅಣೆಕಟ್ಟೆಗೆ ಬಾಂಬು ಹಾಕಿ ಊರನ್ನೆಲ್ಲ ತೇಲಿಸಿಬಿಡುತ್ತದೆಂಬ ಸುದ್ದಿ ಹಬ್ಬಿತ್ತು. ಅಷ್ಟು ದೂರದಿಂದ ಬರುವವನು ದಾರಿಯಲ್ಲಿ ಸಿಗುವ ದೊಡ್ಡ ಊರುಗಳನ್ನೆಲ್ಲ ಬಿಟ್ಟು ನಮ್ಮನ್ನೇ ಏಕೆ ಹುಡುಕಿಕೊಂಡು ಬರುತ್ತಾನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಊರಿನ ಮರ್ಯಾದೆಗೆ ಕುಂದು. ನಾನಂತೂ ಮನೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದೆ. ಹಗಲಲ್ಲೂ ಕತ್ತಲಾಗಿ, ನನ್ನ ಹೆಂಡತಿ ಜಾನಕಿ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದಳು. ದೇಶಕ್ಕಾಗಿ ಅದನ್ನೂ ಉಂಡೆ.

ಆಗ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಗಡಿಯಲ್ಲಿರುವ ಯೋಧರಿಗಾಗಿ ಹಳ್ಳಿಗಳಿಂದ ಕಂಬಳಿ ಸಂಗ್ರಹಿಸಬೇಕೆಂದು ಮೇಲಿನಿಂದ ಸೂಚನೆ ಬಂತು. ಕುರಿ ಸಾಕುವ ಮನೆಗಳು ಹೆಚ್ಚಾಗಿರುವ ನಮ್ಮ ಸೀಮೆಗೆ ಇದಕ್ಕಿಂತ ತಕ್ಕ ಕೆಲಸವಿರಲಿಲ್ಲ. ನನ್ನ ಗಂಟಲು ದೊಡ್ಡದೆಂಬ ಒಂದೇ ಅರ್ಹತೆಯ ಮೇಲೆ ಸಾಹೇಬರು ನನ್ನನ್ನು ಜೀಪಿನಲ್ಲಿ ಕೂರಿಸಿ ಕಳಿಸಿದರು. ಜವನಗೊಂಡನಹಳ್ಳಿಯಲ್ಲಿ ಅರಳಿಕಟ್ಟೆಯ ಮೇಲೆ ನಿಂತು, ನಾನೆಂದೂ ನೋಡದ ಹಿಮವನ್ನು ಎಷ್ಟು ಚೆನ್ನಾಗಿ ವರ್ಣಿಸಿದೆನೆಂದರೆ ಭಾಷಣ ಮುಗಿಯುವ ಹೊತ್ತಿಗೆ ನನಗೇ ನಡುಕ ಬಂದಿತ್ತು. ಜನ ಕೊಟ್ಟರು. ಹೊದ್ದದ್ದನ್ನು ತೆಗೆದು ಮಡಚಿ ಕೊಟ್ಟವರೂ ಇದ್ದರು.

ಕೊನೆಯಲ್ಲಿ ಕೆಂಚವ್ವ ಎಂಬ ಮುದುಕಿ ಮನೆಗೆ ಹೋಗಿ, ಇನ್ನೂ ಯಾರೂ ಹೊದೆಯದ ಒಂದು ಕರಿ ಕಂಬಳಿ ತಂದಳು. ನೂಲು ಅವಳದು, ನೇಯ್ಗೆ ಮಗನದು. ಬಸುರಿ ಸೊಸೆಯ ಬಾಣಂತನಕ್ಕೆಂದು ಮಾಡಿಸಿಟ್ಟಿದ್ದಂತೆ. ಅದನ್ನು ಕೇಳಿ ನಾನು, ಬೇಡಮ್ಮ, ಇದನ್ನು ನೀವೇ ಇಟ್ಟುಕೊಳ್ಳಿ ಎಂದೆ.

"ಇರ್ಲಿ ತಗಳ್ರಿ ಸ್ವಾಮಿ," ಎಂದಳು. "ಹಿಮದಾಗೆ ನಿಂತಿರೋ ಹುಡುಗ್ರೂ ಯಾರೋ ಹೆತ್ತ ಮಕ್ಳೇ. ನಮ್ಮ ಸೊಸಿಗೆ ಮನೆ ಐತೆ, ಒಲೆ ಐತೆ."

ನಾನು ತೆಗೆದುಕೊಂಡೆ. ಜೀಪಿನಲ್ಲಿ ಬರುವಾಗ ನನ್ನ ಭಾಷಣದ ಶಕ್ತಿಗೆ ನಾನೇ ತಲೆದೂಗುತ್ತಿದ್ದೆ.

ಆದರೆ ಕಂಬಳಿಗಳನ್ನು ಒಯ್ಯುವ ಲಾರಿ ಬರುವ ಮೊದಲೇ ಯುದ್ಧ ಮುಗಿದುಹೋಯಿತು. ನಾವು ಗೆದ್ದಿದ್ದೆವು, ಇಷ್ಟು ಬೇಗ ಗೆಲ್ಲುತ್ತೇವೆಂದು ನಮ್ಮ ಕಚೇರಿಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಪೇಡೆ ಹಂಚಿದೆವು. ಕಂಬಳಿಗಳನ್ನು ಕಚೇರಿಯ ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿ ಬೀಗ ಹಾಕಿ, ಸಾಹೇಬರು ಬೀಗದ ಕೈಯನ್ನು ನನಗೆ ಕೊಟ್ಟರು. ಅವರು ಒಳ್ಳೆಯವರು, ಇರುವೆಗೂ ದಾರಿ ಬಿಡುವವರು. ಆದರೆ ಇದು ರಕ್ಷಣಾ ಬಾಬಿನ ಸಾಮಾನು, ಮೇಲಿನ ಆದೇಶವಿಲ್ಲದೆ ಒಂದು ಎಳೆಯನ್ನೂ ಮುಟ್ಟುವಂತಿಲ್ಲ ಎಂದರು. ಆದೇಶಕ್ಕೆ ಬರೆದುಕೊಂಡೆವು. ಬಂದೀತು ಎಂದು ಕಾದೆವು.

ನಮ್ಮ ಕಚೇರಿಯ ಪಕ್ಕದ ಬೀದಿಯಲ್ಲಿ ಒಂದು ಹೆರಿಗೆ ಆಸ್ಪತ್ರೆ ಇತ್ತು. ಅಲ್ಲಿಯ ಡಾಕ್ಟರಮ್ಮ ಹಾಸಿಗೆ ಹೊದಿಕೆಗಾಗಿ ಕೇಳಿ ಕೇಳಿ ಸೋತಿದ್ದರು. ಯುದ್ಧದ ಖರ್ಚು, ನಿರಾಶ್ರಿತರ ಖರ್ಚು, ಬಜೆಟ್ಟಿನಲ್ಲಿ ಖೋತಾ, ಸದ್ಯಕ್ಕೆ ಎಲ್ಲರೂ ಹೊಟ್ಟೆ ಬಟ್ಟೆ ಕಟ್ಟಬೇಕು ಎಂಬ ಉತ್ತರವೇ ಅವರಿಗೆ ಬರುತ್ತಿತ್ತು. ಬಾಣಂತಿಯರೂ ಹೊಟ್ಟೆ ಬಟ್ಟೆ ಕಟ್ಟಬೇಕೇ ಎಂದು ಆಕೆ ಕೇಳಿದ್ದರಂತೆ. ಹೋಟೆಲಿನಲ್ಲಿ ಈ ಮಾತು ಬಂದಾಗ ನಾನು ಆಕೆಯ ದೇಶಪ್ರೇಮದ ಬಗ್ಗೆ ಸಣ್ಣದೊಂದು ಅನುಮಾನ ವ್ಯಕ್ತಪಡಿಸಿದ್ದೆ.

ಸಂಕ್ರಾಂತಿಯ ಸುಮಾರಿಗೆ ಚಳಿಗಾಳಿ ಎದ್ದಿತು. ಒಂದು ಬೆಳಿಗ್ಗೆ ಜಾನಕಿ ಆಸ್ಪತ್ರೆಯಿಂದ ಬಂದಳು. ಅಲ್ಲಿ ಯಾರದೇ ಹೆರಿಗೆಯಾದರೂ ಮೆಣಸಿನ ಸಾರು ಒಯ್ಯುವುದು ಅವಳ ಅಭ್ಯಾಸ, ನಮಗೆ ಮಕ್ಕಳಿರಲಿಲ್ಲ. ಕೆಂಚವ್ವನ ಸೊಸೆಗೆ ನೋವು ಶುರುವಾಗಿ ಮಗು ಅಡ್ಡವಾದ್ದರಿಂದ ಹಳ್ಳಿಯಿಂದ ಗಾಡಿಯಲ್ಲಿ ತಂದಿದ್ದರಂತೆ. ಗಂಡು ಮಗು ಹುಟ್ಟಿತ್ತು. ಹೊದಿಸಲು ಗೋಣಿಚೀಲ ಬಿಟ್ಟರೆ ಏನೂ ಇಲ್ಲ, ಎದುರು ಮಂಚದ ಮೇಲಿನ ಹೊಸದುರ್ಗದ ಕಡೆಯ ಬಾಣಂತಿ ಹುಡುಗಿಗೆ ಅದೂ ಇಲ್ಲ ಎಂದು ಹೇಳಿ, ನಿಮ್ಮ ಕೋಣೆಯಲ್ಲಿ ರಾಶಿ ಬಿದ್ದಿದೆಯಲ್ಲ ಎಂದಳು.

ನಾನು ಅವಳಿಗೆ ರಾಷ್ಟ್ರದ ಹಣಕಾಸನ್ನು ವಿವರಿಸಿದೆ. ರಕ್ಷಣೆಯ ಬಾಬು ಬೇರೆ, ಆರೋಗ್ಯದ ಬಾಬು ಬೇರೆ, ಒಂದರದನ್ನು ಇನ್ನೊಂದಕ್ಕೆ ತಿರುಗಿಸಿದರೆ ಆಡಳಿತವೇ ಕುಸಿಯುತ್ತದೆ ಎಂದೆ. ಅವಳು ಸಾರಿನ ಪಾತ್ರೆ ತೊಳೆಯುತ್ತಲೇ ಕೇಳಿದಳು, "ತಾನು ಯಾವ ಬಜೆಟ್ಟಿನದು ಅಂತ ಕಂಬಳಿಗೆ ಗೊತ್ತಿರುತ್ತೇನ್ರಿ?"

ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾವ ಕಡತದಲ್ಲೂ ಇಂಥ ಪ್ರಶ್ನೆ ಬಂದಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬೀಗ ತೆಗೆದು ಒಂದು ಕಂಬಳಿ ಎಳೆದುಕೊಂಡೆ. ಬಚ್ಚಿಟ್ಟುಕೊಂಡು ಹೋಗುವಷ್ಟು ಚಿಕ್ಕದಲ್ಲ ಅದು. ಕೊನೆಗೆ ಹೊದ್ದುಕೊಂಡೇ ಹೊರಟೆ. ಹಿರಿಯೂರಿನ ಚಳಿ ಬೆಳಗಿನದು. ನಡುಹಗಲಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆ ಬಿಸಿಲಲ್ಲಿ ಕರಿ ಕಂಬಳಿ ಹೊದ್ದು ಬೆವರು ಸುರಿಸುತ್ತ ನಡೆಯುವ ಗುಮಾಸ್ತನನ್ನು ಬೀದಿಯೇ ನಿಂತು ನೋಡಿತು. ಹೋಟೆಲಿನವನು ಚಳಿಜ್ವರವೇ ಎಂದು ವಿಚಾರಿಸಿದ. ಹೌದೆಂದೆ. ಹಿಂದೆಯೇ ಬಂದ ಸಾಹೇಬರು ನನ್ನ ಹಣೆ ಮುಟ್ಟಿ, ಸುಡುತ್ತಿದೆಯಲ್ಲ ಮಾರಾಯರೇ ಎಂದು ಗಾಬರಿಯಾಗಿ, ವಾರವಿಡೀ ಕಚೇರಿಯ ಕಡೆ ತಲೆಹಾಕಬೇಡಿ ಎಂದು ರಜೆ ಕೊಟ್ಟುಬಿಟ್ಟರು.

ಆಸ್ಪತ್ರೆಯಲ್ಲಿ ಕೆಂಚವ್ವ ತನ್ನ ಸೆರಗನ್ನೇ ಸೊಸೆಗೂ ಮಗುವಿಗೂ ಹೊದಿಸಿ ಕುಳಿತಿದ್ದಳು. ಕಂಬಳಿ ಕೊಟ್ಟು, ಇದು ನನ್ನದು, ಇಟ್ಟುಕೊಳ್ಳಿ ಎಂದೆ. ಅವಳು ಇಬ್ಬರಿಗೂ ಹೊದಿಸಿ ಅಂಚು ಒತ್ತುತ್ತ ಕೇಳಿದಳು.

"ನಾವು ಕೊಟ್ಟವು ಹುಡುಗ್ರಿಗೆ ಮುಟ್ಟಿದ್ವಾ ಸ್ವಾಮಿ?"

"ಮುಟ್ಟಿದವು ಅಜ್ಜಿ."

"ಬೆಚ್ಚಗಿರ್ಲಿ," ಎಂದಳು.

ತಿರುಗಿದಾಗ ಎದುರು ಮಂಚದ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು, ಇನ್ನೊಂದು ಇರಬಹುದೇನೋ ಎಂಬಂತೆ. ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. ನಾಳೆ ತಂದರಾಯಿತು ಎಂದುಕೊಂಡೆ. ಆದರೆ ಜ್ವರ ಬಂದವನು ಕಚೇರಿಗೆ ಹೋಗುವುದು ಹೇಗೆ? ಮನೆಯಲ್ಲಿ ಗಂಜಿ ಕುಡಿಯುತ್ತ ಮಲಗಿದೆ. ಮೂರನೆಯ ದಿನ ಆಸ್ಪತ್ರೆಯಿಂದ ಬಂದ ಜಾನಕಿ ಸಾರಿನ ಪಾತ್ರೆಯನ್ನು ತುಂಬಿದ್ದ ಹಾಗೇ ಕೆಳಗಿಟ್ಟಳು. ಎದುರು ಮಂಚದ ಮಗು ಹೋಗಿತ್ತು. ಹುಟ್ಟುವಾಗಲೇ ಬಡಕಲಾಗಿತ್ತು, ಉಳಿಯುತ್ತಿತ್ತೆಂದು ಹೇಳಲಾಗದು ಎಂದರಂತೆ ಡಾಕ್ಟರಮ್ಮ. ಚಳಿಯ ಮಾತನ್ನು ಅವರು ಎತ್ತಲಿಲ್ಲ. ಜಾನಕಿಯೂ ಎತ್ತಲಿಲ್ಲ, ಅಂದೂ, ಆಮೇಲೂ.

ಆದೇಶ ಬರಲೇ ಇಲ್ಲ. ಬರಗಾಲ ಬಂತು, ಸೀಮೆಎಣ್ಣೆಯ ಕ್ಯೂ ಬಂತು, ಪ್ರತಿ ಫೆಬ್ರವರಿಯಲ್ಲಿ ಖೋತಾ ಬಜೆಟ್ಟೂ ತಪ್ಪದೆ ಬಂತು. ಕಂಬಳಿಗಳು ಏನಾದವೆಂದು ಕೇಳಲು ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಒಂದಲ್ಲ, ಇಡೀ ಕೋಣೆಯನ್ನು ಖಾಲಿ ಮಾಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ನನಗೆ ಅರ್ಥವಾಗುವ ಹೊತ್ತಿಗೆ ನುಸಿ ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿದ್ದವು.

ಸಾಹೇಬರು ನಿವೃತ್ತರಾಗುವ ಮುನ್ನ ಕೋಣೆ ಖಾಲಿ ಮಾಡಿಸಿ, ಎಲ್ಲವನ್ನೂ ಕಚೇರಿಯ ಹಿತ್ತಲಲ್ಲಿ ಸುಡಿಸಿದರು. ಉಣ್ಣೆ ಸುಟ್ಟ ವಾಸನೆ ಸಂಜೆಯವರೆಗೂ ಊರಿನಲ್ಲಿತ್ತು. ಎಲ್ಲರ ಮುಂದೆ ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಇಂಥ ಪ್ರಾಮಾಣಿಕರು ಸಿಗುವುದಿಲ್ಲ, ಇಷ್ಟು ವರ್ಷದಲ್ಲಿ ಒಂದೇ ಒಂದು ಕಂಬಳಿಯನ್ನೂ ಹೊರಗೆ ಹೋಗಲು ಬಿಡಲಿಲ್ಲ ಎಂದರು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಇಲ್ಲ ಸಾರ್, ಒಂದು ಹೋಗಿದೆ, ನಾನೇ ಕದ್ದೆ ಎಂದು ಹೇಳಬೇಕೆನಿಸಿತು. ನನ್ನ ಇಡೀ ಸರ್ವೀಸಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬಹುದಾಗಿದ್ದ ಕೆಲಸ ಅದೊಂದೇ. ಅದನ್ನು ಹೇಳುವುದಕ್ಕೂ ಧೈರ್ಯ ಸಾಲದೆ, ಕೈಮುಗಿದು ನಿಂತೆ.