ಕಾಕಾ ಕೊಯ್ದ ಸೈಕಲ್

ನಮ್ಮ ಕಾಕಾನ ಕೈಗೆ ಗರಗಸ ಕೊಡಬಾರದು ಎಂಬುದು ಊರಿನ ತೊಟ್ಟಿಲ ಕೂಸಿಗೂ ಗೊತ್ತಿತ್ತು. ಕಾಕಾ ಅಂದರೆ ನಮ್ಮಪ್ಪನ ತಮ್ಮ. ಯಾವುದರ ಒಳಗೆ ಏನಿದೆ ಎಂದು ತಿಳಿಯುವವರೆಗೂ ಆತನಿಗೆ ಊಟ ಸೇರುತ್ತಿರಲಿಲ್ಲ. ತಿಳಿಯಬೇಕೆಂದರೆ ಕೊಯ್ಯುವುದು ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ಕುಂಟೆಯ ಹಿಡಿ ಕೊಯ್ದ, ಭಜನೆಯ ತಬಲಾ ಕೊಯ್ದ, ಒಮ್ಮೆ ನಮ್ಮಜ್ಜಿಯ ಊರುಗೋಲನ್ನೂ ಕೊಯ್ದ. ಭಾಳ ಗಟ್ಟಿ ಇತ್ತಂತೆ! ಇತ್ತು, ಕೊಯ್ಯುವ ಮೊದಲು.

ಅದು ನಿಜಾಮರ ಕಾಲ. ಝರಾಸಂಗಂ ಕಡೆಯ ನಮ್ಮ ಹಳ್ಳಿ ಜಹೀರಾಬಾದಿಗೆ ಎರಡು ಹರದಾರಿ ದೂರ. ಊರಲ್ಲಿ ಸೈಕಲ್ ಅನ್ನುವುದು ಒಂದೂ ಇರಲಿಲ್ಲ. ಕಾಕಾನ ಮದುವೆಯಲ್ಲಿ ತಾಂಡೂರಿನ ಬೀಗರು ಅಳಿಯನಿಗೆಂದು ವಿಲಾಯತಿ ಸೈಕಲ್ ಕೊಟ್ಟರು. ಊರೇ ಬಂದು ಅದರ ಕರಿ ಬಣ್ಣ ಮುಟ್ಟಿ ನೋಡಿತು. ಕಾಕಾನ ಕಣ್ಣು ಮಾತ್ರ ಉಕ್ಕಿನ ಕೊಳವೆಗಳು ಒಂದಕ್ಕೊಂದು ಸೇರುವ ಮೂಲೆಗೆ ಅಂಟಿಕೊಂಡಿತು. ಅಲ್ಲಿ ಮೊಳೆ ಕಾಣಿಸದು, ತಿರುಪು ಕಾಣಿಸದು, ಸುತ್ತಿಗೆ ಬಡಿದ ಗುರುತೂ ಇಲ್ಲ. ಹಾಗಾದರೆ ಹಿಡಿದಿರುವುದು ಏನು?

ಮೈಮೇಲಿನ ಅರಿಷಿಣ ಹೋಗುವ ಮೊದಲೇ ಕಾಕಾ ಸೈಕಲ್ಲಿನ ಕುತ್ತಿಗೆ ಕೊಯ್ದಿದ್ದ.

ಒಳಗೆ ಕಂಡದ್ದು ಇಷ್ಟೇ. ಅಂಗಿಯ ತೋಳಿನಂಥ ಒಂದು ಉಕ್ಕಿನ ತುಂಡು. ಅದರೊಳಗೆ ಕೈ ತೂರಿಸಿದಂತೆ ಕೊಳವೆ. ಎರಡರ ನಡುವೆ ಕೂದಲೆಳೆಯಷ್ಟು ಹಳದಿ ಗೆರೆ. ಹಿತ್ತಾಳೆ! ಉಕ್ಕು ಕರಗಿಯೇ ಇಲ್ಲ. ಕರಗಿದ ಹಿತ್ತಾಳೆ ಸಂದಿಯೊಳಗೆ ಹೊಕ್ಕು ಎರಡನ್ನೂ ಕಚ್ಚಿ ಹಿಡಿದಿದೆ. ಕಾಕಾ ಅಂಗಳದಲ್ಲಿ ಕುಣಿದಾಡಿಬಿಟ್ಟ. ಹೊಸ ಕಾಕಿ ಬಾಗಿಲ ಮರೆಯಲ್ಲಿ ನಿಂತು ಎಲ್ಲಾ ನೋಡಿ, ಗಂಡನ ಜೊತೆ ಆಡಿದ ಮೊದಲ ಮಾತು ಇದಂತೆ:

"ನನ್ನ ಒಳಗೇನದ ಅಂತ ಬಾಯಿಲೆ ಕೇಳ್ರಿ. ಹೇಳ್ತೀನಿ."

ಬೀಗರಿಗೆ ಸುದ್ದಿ ಮುಟ್ಟದ ಹಾಗೆ ನೋಡಿಕೊಳ್ಳೋಣ ಎಂದು ಮನೆಯವರೆಲ್ಲ ಮಾತಾಡಿಕೊಂಡರೆ, ಕಾಕಾ ಕೊಯ್ದ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನೇರ ತಾಂಡೂರಿಗೇ ಹೋದ. ಇಂಥ ಚಂದದ ಗೆರೆಯನ್ನು ಕೊಟ್ಟವರಿಗೇ ತೋರಿಸದಿದ್ದರೆ ಹೇಗೆ? ಮಾವನವರು ಅದನ್ನು ಹೊರಳಿಸಿ ಹೊರಳಿಸಿ ನೋಡಿ, ಉಳಿದ ಸೈಕಲ್ ಎಲ್ಲಿ ಎಂದರಂತೆ. ತೊಲೆಗೆ ತೂಗುಹಾಕೀನಿ ಎಂದನಂತೆ ಅಳಿಯ. ಮುಂದಿನ ಮಗಳ ಮದುವೆಯಲ್ಲಿ ಅವರು ಹೊಸ ಅಳಿಯನಿಗೆ ಎಮ್ಮೆ ಕೊಟ್ಟರು. ಅದನ್ನು ಕಾಕಾನಿಗೆ ತೋರಿಸಲೂ ಇಲ್ಲ.

ವಿಲಾಯತಿಯ ಕಾರ್ಖಾನೆಗಳಲ್ಲಿ ಇಂಥ ಚೌಕಟ್ಟುಗಳನ್ನು ಸಾವಿರಗಟ್ಟಲೆ ಮಾಡುತ್ತಾರೆ, ಕೊಳವೆ ಸೇರಿಸಿದ ಮೂಲೆಯನ್ನು ಕರಗಿದ ಹಿತ್ತಾಳೆಯ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ ಎಂದು ಜಹೀರಾಬಾದಿನ ಸೈಕಲ್ ಅಂಗಡಿಯವರು ಯಾವಾಗಲೋ ಹೇಳಿದರು. ಸರಿ, ಸಂತೆಗೆ ಹೋದಾಗಲೆಲ್ಲ ಕಾಕಾ ಭಜಿ ಅಂಗಡಿಯ ಮುಂದೆ ಮಂದಿ ಕೂಡಿಸಿ, ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಅದ್ದಿ ವಿಲಾಯತಿಯ ವಿದ್ಯೆ ಹೇಳಿಕೊಡತೊಡಗಿದ. ಅಂಗಡಿಯ ಚಾಚಾ ಬಲು ತಾಳ್ಮೆಯ ಮನುಷ್ಯ. "ಅದ್ದೂದು ಆಗಿದ್ರ ಎಣ್ಣ್ಯಾಗೂ ನೀವೇ ಬಿಡ್ರಿ, ಗಿರಾಕಿ ಕಾಯ್ಲಾಕತ್ತಾರ" ಎನ್ನುತ್ತಿದ್ದರು.

ಇಲ್ಲಿಯವರೆಗಿನದು ನಗುವ ಮಾತು. ನಾನು ಊರಿನ ಸಾಲಿ ಮುಗಿಸಿದಾಗ ನಗು ನಿಂತಿತು. ಮುಂದೆ ಓದಬೇಕೆಂದರೆ ಜಹೀರಾಬಾದಿನ ಉರ್ದು ಸಾಲಿ. ಅಲ್ಲಿ ಉಳಿಯಲು ನೆಂಟರಿಲ್ಲ, ದಿನಾ ನಡೆದು ಹೋಗಿಬರುವ ದಾರಿಯೂ ಅಲ್ಲ. ಮನೆತನದಲ್ಲೇ ಯಾರೂ ಓದಿಲ್ಲ, ಇವನೊಬ್ಬ ಓದದಿದ್ದರೆ ಯಾರು ಕೇಳುತ್ತಾರೆ ಎಂದು ಅಪ್ಪ ನನ್ನನ್ನು ದನ ಕಾಯಲು ಹಚ್ಚುವ ಯೋಚನೆ ಮಾಡಿದ. ಕಾಕಾ ತೊಲೆಗೆ ತೂಗುತ್ತಿದ್ದ ಸೈಕಲ್ಲಿನ ಕಡೆ ಕೈ ತೋರಿಸಿದ. ಅಪ್ಪ ನಗಲೂ ಇಲ್ಲ.

"ನೀ ಕೊಯ್ದದ್ದು ಊರ ಮಂದೆಲ್ಲಾ ನೋಡ್ಯಾರ. ಕೂಡ್ಸಿದ್ದು ಒಬ್ರರೆ ನೋಡ್ಯಾರೇನು?"

ಕಾಕಾ ಕೂಡಿಸಲು ಕುಳಿತ. ಸೈಕಲ್ ಅಂಗಡಿಯವರಲ್ಲಿ ಬೇಡಿ, ಹಳೆಯ ಚೌಕಟ್ಟಿನಿಂದ ಆ ತೋಳಿನಂಥ ತುಂಡು ತಂದ. ಕಾಕಿ ಕೇಳದೆಯೇ ಹಿತ್ತಾಳೆ ಚಂಬಿನ ಮುಚ್ಚಳ ತಂದುಕೊಟ್ಟಳು. ಕಮ್ಮಾರರ ಕುಲುಮೆಯಲ್ಲಿ ಮೊದಲ ಸಲ ಕಾಯಿಸಿದಾಗ ಹಿತ್ತಾಳೆ ಕಾದ ಹಂಚಿನ ಮೇಲಿನ ನೀರಿನಂತೆ ಗುಂಡುಗುಂಡಾಗಿ ಉರುಳಿ ಬೂದಿಗೆ ಬಿತ್ತು. ಕಾಕಾ ಬೂದಿ ಕೆದಕಿ ಆ ಗುಂಡುಗಳನ್ನೆಲ್ಲ ಆರಿಸಿಕೊಂಡು ಬಂದ. ತನ್ನ ತಾಳಿಯ ಕೊಂಡಿ ಬೆಸೆಯುವಾಗ ಪತ್ತಾರರು ಬೆಸುಗೆ ಹರಿದು ಅಂಟಲೆಂದು ಬಿಳಿಗಾರ ಹಚ್ಚಿದ್ದು ನೆನಪಾದದ್ದು ಕಾಕಿಗೆ. ಕಾಕಾ ಉಕ್ಕನ್ನು ಮರಳಿನಿಂದ ಬೆಳ್ಳಗಾಗುವ ತನಕ ತಿಕ್ಕಿದ, ಬಿಳಿಗಾರ ಬಳಿದ, ಕೆಂಡದಂತೆ ಕಾಯಿಸಿದ. ಈ ಸಲ ಹಿತ್ತಾಳೆ, ಬತ್ತಿಗೆ ಎಣ್ಣೆ ಏರುವಂತೆ ತಾನಾಗಿಯೇ ಸಂದಿಯೊಳಗೆ ಸರಿಯಿತು.

ಸರಿಯಿತು, ಖರೆ. ಒಳಗೆಲ್ಲಾ ಹಬ್ಬಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಾಕಾ ಗರಗಸ ಹುಡುಕಿದ. ಕಾಕಿ ಅದನ್ನು ತಾಂಡೂರಿಗೆ, ತನ್ನ ತವರಿಗೆ ಕಳಿಸಿಬಿಟ್ಟಿದ್ದಳು!

ಅಪ್ಪ ಜೋಳದ ಚೀಲ ಹೇರಿ, ಮೇಲೆ ತಾನೂ ಭಾರ ಬಿಟ್ಟು ನೋಡಿದ. ಸೈಕಲ್ ಮಿಸುಕಲಿಲ್ಲ. "ಹೂಂ" ಎಂದ. ಆ ಹೂಂ ಅಂದರೆ ಸಾಲಿಗೆ ನನ್ನ ದಾಖಲಾತಿ.

ಮೊದಲ ದಿನ ಸೀಟಿಗೆ ನಿಲುಕದೆ ಚೌಕಟ್ಟಿನೊಳಗೆ ಕಾಲು ತೂರಿಸಿ ತುಳಿಯುತ್ತಾ ಹೊರಟೆ. ಊರು ದಾಟಿದ ಮೇಲೆ ಹಿಂದೆ ಧಪಧಪ ಸದ್ದು. ನೋಡಿದರೆ ಕಾಕಾ! ಧೋತರ ಮೇಲಕ್ಕೆ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾನೆ. ಜಹೀರಾಬಾದಿನಲ್ಲಿ ಕೆಲಸವಿದೆ ಎಂದ. ಸಂಜೆ ಸಾಲಿಯ ಮುಂದೆಯೂ ಇದ್ದ. ಮರುದಿನವೂ ಅವನಿಗೆ ಜಹೀರಾಬಾದಿನಲ್ಲಿ ಕೆಲಸವಿತ್ತು. ಅದರ ಮರುದಿನವೂ. ಹುಡುಗರು ನಗಹತ್ತಿದರು. ನಾನು ಸಿಟ್ಟಿನಿಂದ ಇಳಿದು, ಗಟ್ಟಿ ಅದ ಅಂತ ಊರೆಲ್ಲಾ ಹೇಳಿ ಮತ್ಯಾಕ ಓಡ್ಲಾಕತ್ತಿ ಎಂದು ಕೇಳಿದೆ.

ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಗಟ್ಟೇ ಅದಪ್ಪಾ. ಒಳಗ ನೋಡಿಲ್ಲಲ್ಲ, ಅಷ್ಟೇ. ಮುರದ್ರ ಸೈಕಲ್ ನಾ ಹೊರ್ತೀನಿ. ನೀ ನಿಂದ್ರಬ್ಯಾಡ, ಸಾಲಿಗಿ ಓಡು."

ಅದು ಮುರಿಯಲಿಲ್ಲ, ಕಾಕಾ. ನಮ್ಮ ಮನೆತನದ ಮೊದಲ ಪದವಿ ನನ್ನದು, ಬೆವರು ಸುರಿಸಿ ಗಳಿಸಿದ್ದು ಎಂದು ಎಲ್ಲರೆದುರು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಯಾರ ಬೆವರು ಎಂದು ಇವತ್ತು ಬರೆದೆ.