ದಾದಾಸಾಬ ಒಬ್ಬನೇ ಹೋದದ್ದು

ಟಿಕೋಟಾದ ಟೇಲರ್ ದಾದಾಸಾಬನ ಕತ್ತರಿಯನ್ನು ಅವನ ಹೆಂಡತಿ ಬೀಬಿಜಾನ ಟ್ರಂಕಿನೊಳಗಿಟ್ಟು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದ.

ಹೋದ ವರ್ಷ ಮಿರಜದಲ್ಲಿ ಅವನ ತಲೆ ತೆರೆದು ಮೆದುಳಿನ ಗಡ್ಡೆಯೊಂದನ್ನು ತೆಗೆದಿದ್ದರು. ಗಡ್ಡೆ ಹೋಯಿತು, ಅದರ ಜಾಗಕ್ಕೆ ಓಣಿಯವರು ಬಂದು ಕುಳಿತರು. ಅವನು ಬಚ್ಚಲಿಗೆ ಹೋದರೆ ಪಕ್ಕದ ಮನೆಯ ಹುಲಿಗೆವ್ವ ಹೊರಗೆ ನಿಂತು, "ಅದೀಯೇನೋ ತಮ್ಮಾ?" ಎಂದು ಕೂಗುವಳು. ಎದುರಿನ ಕಿರಾಣಿ ಅಂಗಡಿಯ ಗೊಲ್ಲಾಳಪ್ಪ ದಿನಾ ಬೆಳಿಗ್ಗೆ ಎರಡು ಬೆರಳು ತೋರಿಸಿ, "ಎಷ್ಟು?" ಎಂದು ಕೇಳುವನು. ಒಮ್ಮೆ ರೇಗಿ "ಹನ್ನೊಂದು" ಎಂದದ್ದಕ್ಕೆ ಓಣಿಗೆ ಓಣಿಯೇ ಅತ್ತಿತ್ತು.

ಹೊಲಿಗೆ ಯಂತ್ರ ಧೂಳು ತಿನ್ನುತ್ತ ಬಿದ್ದಿತ್ತು. ದಾದಾಸಾಬನಿಗೆ ಬೇರೇನೂ ಬೇಡ, ಕತ್ತರಿ ಕೈಗೆ ಬಂದರೆ ಸಾಕಿತ್ತು.

ಅಷ್ಟರಲ್ಲಿ ವಿಜಾಪುರಕ್ಕೆ ಡಾಕ್ಟರಬಾಯಿಯೊಬ್ಬರ ಮುಂದಾಳತನದಲ್ಲಿ ಸಂಶೋಧನೆಯ ಡಾಕ್ಟರರ ತಂಡವೊಂದು ಬಂತು. ತಲೆಯ ಗಡ್ಡೆ ತೆಗೆಸಿಕೊಂಡವರು ಊರಿಗೆ ಮರಳಿದ ಮೇಲೆ ತಮ್ಮನ್ನು ತಾವೇ ಹೇಗೆ ಸಂಭಾಳಿಸಿಕೊಳ್ಳುತ್ತಾರೆ, ಅದಕ್ಕೆ ಎಂಥ ಆಸರೆ ಬೇಕು ಎಂಬುದು ಅವರ ಅಧ್ಯಯನ. ಗುರುವಾರ ಬನ್ನಿ, ಆಗುವುದಾದರೆ ಒಬ್ಬರೇ ಬನ್ನಿ ಎಂದು ದಾದಾಸಾಬನಿಗೆ ಹೇಳಿ ಕಳಿಸಿದ್ದರು.

"ಡಾಕ್ಟರಬಾಯಿ ಹೂಂ ಅಂದ್ರ ಕತ್ರಿ ಕೊಡ್ತೀನ್ರಿ. ಇಲ್ಲಾಂದ್ರ ಅದರ ಹೆಸರ ಎತ್ತಬ್ಯಾಡ್ರಿ," ಎಂದಳು ಬೀಬಿಜಾನ.

ಗುರುವಾರ ಬೆಳಿಗ್ಗೆ ದಾದಾಸಾಬ ಟೊಪ್ಪಿಗೆ ಹಾಕಿಕೊಂಡು ಒಬ್ಬನೇ ಹೊರಟ. ಹಿಂದೆ ಚಪ್ಪಲಿಯ ಸಪ್ಪಳ ಕೇಳಿತು.

"ಹುಲಿಗೆವ್ವಕ್ಕಾ, ನಾ ಒಬ್ಬನ ಹೋಗಬೇಕು."

"ನಾ ಎಲ್ಲಿ ನಿನ್ನ ಸಂಗಾಟ ಬರಾಕತ್ತೇನೋ ತಮ್ಮಾ? ನಾ ನನ್ನ ಪಾಡಿಗೆ ಹೊಂಟೀನಿ."

"ಎಲ್ಲಿಗೆ?"

"ನೀ ಎಲ್ಲಿಗೆ ಹೊಂಟಿ, ಅಲ್ಲಿಗೇ."

ಬಸ್ಸು ಹತ್ತಿದರೆ ಗೊಲ್ಲಾಳಪ್ಪ ಆಗಲೇ ಟವೆಲ್ ಹಾಸಿ ಅವನಿಗೆ ಜಾಗ ಹಿಡಿದಿದ್ದ. ಸಕ್ಕರೆ ತರಲು ಹೊರಟಿದ್ದನಂತೆ.

"ನಿನ್ನೆ ತಂದೀಯಲ್ಲೋ?"

"ಅದು ಸಣ್ಣ ಸಕ್ರಿ. ಇದು ದಪ್ಪ ಸಕ್ರಿ," ಎಂದು ಗೊಲ್ಲಾಳಪ್ಪ ಡ್ರೈವರನ ಕಡೆ ತಿರುಗಿದ. "ಸಾವಕಾಶ ಹೊಡಿಯಪಾ! ತಲಿ ಹೊಲಿಸಿಕೊಂಡ ಮನುಷ್ಯಾ ಅದಾನ!"

ಇನ್ನು ಕೇಳಬೇಕೆ? ಮುದುಕನೊಬ್ಬ ಎದ್ದು ಬಂದು ಟೊಪ್ಪಿಗೆ ತೆಗೆಸಿ ಹೊಲಿಗೆ ನೋಡಿದ. "ನೀ ಟೇಲರ್ ಅಲ್ಲೇನು? ಹೊಲಿಗಿ ಹೆಂಗೈತಿ, ನೀನ ಹೇಳು," ಎಂದ. ಹೊಲಿಗೆ ಚೆನ್ನಾಗಿಯೇ ಇದೆ ಎಂದು ದಾದಾಸಾಬ ಒಪ್ಪಿಕೊಳ್ಳಬೇಕಾಯಿತು. ಡ್ರೈವರು ಎಷ್ಟು ಸಾವಕಾಶ ಹೊಡೆದನೆಂದರೆ ಎತ್ತಿನ ಗಾಡಿಯವರು ಮುಂದೆ ಹೋಗಿ ಹಿಂತಿರುಗಿ ನೋಡಿದರು.

ವಿಜಾಪುರದಲ್ಲಿ ಅವನನ್ನು ಗಾಜಿನ ಸಾಮಾನಿನಂತೆ ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ಇವರೊಡನೆ ಮೆರವಣಿಗೆಯಲ್ಲಿ ಹೋದರೆ ಡಾಕ್ಟರಬಾಯಿ ಏನೆಂದಾಳು? ಗೊಲ್ಲಾಳಪ್ಪ ಚಹಾ ಹೇಳಲು ತಿರುಗಿದ್ದೇ ತಡ, ಹೊರಡುತ್ತಿದ್ದ ಇನ್ನೊಂದು ಬಸ್ಸಿಗೆ ದಾದಾಸಾಬ ಹಾರಿಕೊಂಡ.

"ಎಲ್ಲಿಗ್ರಿ?" ಎಂದ ಕಂಡಕ್ಟರ್.

"ಇದು ಎಲ್ಲಿಗೆ ಹೊಂಟೈತ್ರಿ?"

"ಬಬಲೇಶ್ವರಕ್ಕ."

"ಹಂಗಾರ ಬಬಲೇಶ್ವರಕ್ಕ ಕೊಡ್ರಿ."

ಬಬಲೇಶ್ವರದಲ್ಲಿ ಯಾರೂ ಅವನಿಗೆ ಬೆರಳು ತೋರಿಸಲಿಲ್ಲ. ಮಿರ್ಚಿ ಭಜಿ ತಿಂದ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದ. ದಣಿವಾದಾಗ ಬೇವಿನ ಗಿಡದ ಕೆಳಗೆ ಅಡ್ಡಾದ. ತಂಗಿ ರಾಜಬಿಯ ಮನೆ ಅಲ್ಲೇ ಹತ್ತಿರದಲ್ಲಿತ್ತು, ಆದರೆ ಅವಳ ಕೈಗೆ ಸಿಕ್ಕರೆ ವಾರಗಟ್ಟಲೆ ಬಿಡುವವಳಲ್ಲ. ಟೊಪ್ಪಿಗೆ ಮುಂದಕ್ಕೆಳೆದುಕೊಂಡು ಸಂದಿಯಿಂದ ದಾಟಿ, ವಿಜಾಪುರದ ಬಸ್ಸು ಹಿಡಿದ. ಇಳಿದು, ಗೋಳಗುಮ್ಮಟದ ಗುರುತು ಹಿಡಿದು ಒಬ್ಬನೇ ನಡೆದ. ಮಿರಜದಿಂದ ಬಂದ ಮೇಲೆ ಮೊದಲ ಸಲ ತಾನು ಬದುಕಿದ್ದೇನೆ ಅನ್ನಿಸಿ ಅವನ ಕಣ್ಣು ತುಂಬಿ ಬಂತು.

ಡಾಕ್ಟರರ ಕೋಣೆಯಲ್ಲಿ ಹುಲಿಗೆವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. ಗೊಲ್ಲಾಳಪ್ಪ ಕತ್ತರಿಯ ಕಥೆಯನ್ನೂ ಸೇರಿಸಿ ಕಳೆದುಹೋದವನ ಗುರುತು ಹೇಳುತ್ತಿದ್ದ. ಮೂಲೆಯ ಬೆಂಚಿನ ಮೇಲೆ ಬುರ್ಖಾದ ಹೆಂಗಸೊಬ್ಬಳು ಡಬ್ಬಿ ಹಿಡಿದು ಬಿಕ್ಕುತ್ತಿದ್ದಳು. ಪಾಪ, ಯಾರ ಕಡೆಯವಳೋ ಎಂದುಕೊಂಡ ದಾದಾಸಾಬ.

"ನಾ ಒಬ್ಬನ ಬಂದೀನ್ರಿ ಡಾಕ್ಟರಬಾಯಿ!" ಎಂದ ಎದೆಯುಬ್ಬಿಸಿ.

ಡಾಕ್ಟರಬಾಯಿ ಒಂದೊಂದಾಗಿ ಕೇಳಿದರು. ಗುಳಿಗೆ? ತಗೊಂಡೀನ್ರಿ. ದಣಿವು? ಬಬಲೇಶ್ವರದಾಗ ಬೇವಿನ ಗಿಡದ ಕೆಳಗ ಮಲಗಿ ಎದ್ದೀನ್ರಿ. ದಾರಿ? ನಾನ ಹುಡುಕೀನ್ರಿ. ಅವರ ಮುಖ ಅರಳಿತು. ದಾದಾಸಾಬನ ಬೆರಳುಗಳು ಆಗಲೇ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದವು.

"ಭಾಳ ಚಲೋ. ಇನ್ನೊಂದೇ ಮಾತು. ಇಲ್ಲಿಗೆ ಬರಾವ್ರು ಬಬಲೇಶ್ವರಕ್ಕ ಯಾಕ ಹೋದ್ರಿ?"

ದಾದಾಸಾಬ ಸಿಕ್ಕಿಬಿದ್ದ. ಬೋರ್ಡು ನೋಡದೆ ಹತ್ತಿದೆ ಎಂದರೆ ಕತ್ತರಿ ಹೋಯಿತು. ಇವರಿಂದ ತಪ್ಪಿಸಿಕೊಂಡು ಓಡಿದೆ ಎನ್ನೋಣವೆಂದರೆ ಹುಲಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಬಾಯಿಗೆ ಬಂದದ್ದು ಹೇಳಿಬಿಟ್ಟ.

"ತಂಗೀನ ನೋಡಾಕ ಹೋಗಿದ್ದೆರಿ. ರಾಜಬಿ ಅಂತ. ಆಕಿ ಕೈಯಾಗಿನ ಚಹಾ ಕುಡದು, ನಾಕ ಮಾತಾಡಿ ಬಂದೆ."

ಮೂಲೆಯ ಹೆಂಗಸು ಬಿಕ್ಕುವುದನ್ನು ನಿಲ್ಲಿಸಿ, ಬುರ್ಖಾದ ಮುಸುಕು ಎತ್ತಿದಳು.

"ಯಾ ಅಲ್ಲಾ! ಭಾಯಿಜಾನ, ನಾ ಬೆಳಿಗ್ಗಿಂದ ಇಲ್ಲೇ ಕುಂತೀನಲ್ಲೋ! ನಿನಗ ಗೊತ್ತಾಗದಂಗ ಕಾಯಿ ಅಂತ ಭಾಬಿ ಹೇಳಿ ಕಳಿಸ್ಯಾಳ. ನೀ ಯಾರ ಕೈಯಾಗ ಚಹಾ ಕುಡದು ಬಂದಿ?"

ಡಾಕ್ಟರಬಾಯಿ ಕನ್ನಡಕ ತೆಗೆದು ಅವನ ತಲೆಯ ಕಡೆ ಬಹಳ ಕರುಣೆಯಿಂದ ನೋಡಿದರು. ಆಮೇಲೆ ಗೊಲ್ಲಾಳಪ್ಪನ ಕಡೆ, ಹುಲಿಗೆವ್ವನ ಕಡೆ, ರಾಜಬಿಯ ಕಡೆ ನೋಡಿದರು.

"ಇಂಥಾ ಆಸರೆ ನಾವು ಯಾವ ಊರಾಗೂ ಕಂಡಿಲ್ಲ. ದಾದಾಸಾಬರ, ಇನ್ನ ಆರು ತಿಂಗಳು ಇವರನ್ನ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಕತ್ರಿ ಮಾತು ಆಮ್ಯಾಲ ನೋಡೋಣು."

ಸಂಜೆಯ ಬಸ್ಸಿನಲ್ಲಿ ದಾದಾಸಾಬ ಮೂವರ ನಡುವೆ ಇರುಕಿ ಕುಳಿತಿದ್ದ. ಒಂದು ತಿಂಗಳು ಟಿಕೋಟಾದಲ್ಲೇ ಇರುತ್ತೇನೆಂದು ರಾಜಬಿಯೂ ಹೊರಟಿದ್ದಳು. ಗೊಲ್ಲಾಳಪ್ಪ ಮೆಲ್ಲಗೆ ಎರಡು ಬೆರಳು ಎತ್ತಿದ.

"ಎಷ್ಟು?"

ದಾದಾಸಾಬ ನಿಟ್ಟುಸಿರು ಬಿಟ್ಟ. "ಎರಡು."

ಗೊಲ್ಲಾಳಪ್ಪನಿಗೆ ಅನುಮಾನ ಬಂತು. ಬೆರಳುಗಳನ್ನು ತನ್ನ ಕಡೆಗೆ ತಿರುಗಿಸಿ ಎಣಿಸಿಕೊಂಡ.

"ಹುಲಿಗೆವ್ವಾ, ನೀನೂ ಒಮ್ಮೆ ಎಣಿಸಿ ನೋಡ ಬೇ."